ಉಣ್ಣೆ ಜ್ವರ: ನಾನು ಕೊಟ್ಟಿಗೆ ಗೋಡೆಯಿಂದ ಶುರು ಮಾಡಿದೆ

ಸೋಮವಾರಪೇಟೆ ಕಡೆ ನಮ್ಮ ತೋಟದಲ್ಲಿ ಐದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ. ಎರಡು ಮಳೆಗಾಲ ಕಳೆಯಿತು, ಒಂದಕ್ಕೂ ಉಣ್ಣೆ ಜ್ವರ, ಅಂದರೆ ರಕ್ತ ಕುಡಿಯುವ ಉಣ್ಣೆ ಹುಳ ಕಚ್ಚಿ ಹರಡುವ ರೋಗ, ಬಂದಿಲ್ಲ. "ಉಣ್ಣೆ ಇರೋದು ದನದ ಮೈಮೇಲೆ, ನೀನು ಗೋಡೆ ಸುಡ್ತಿದ್ದೀಯಲ್ಲ" ಅಂದವರೇ ಈಗ ಬಂದು ನೋಡಿ ಹೋಗುತ್ತಿದ್ದಾರೆ.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. ಎರಡನೇ ಕರು ಹಾಕಿದ ಹಸು, ದಿನಕ್ಕೆ 14 ಲೀಟರ್ ಹತ್ತಿರ ಕೊಡುತ್ತಿತ್ತು. ಜ್ವರ 106 ಮುಟ್ಟಿತು. ಮೂರು ದಿನ ಬರೀ ಜ್ವರದ ಇಂಜೆಕ್ಷನ್ ಹಾಕಿಸಿದೆ. ನಾಲ್ಕನೇ ಬೆಳಿಗ್ಗೆ ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆಲ್ಲ ಬಿಳಿಚಿಕೊಂಡಿತ್ತು. ಸಂಜೆಗೆ ಹೋಯಿತು. ಬಬೇಸಿಯಾ, ಉಣ್ಣೆಯಿಂದ ಬರುವ ರಕ್ತದ ರೋಗಾಣು. 65 ಸಾವಿರದ ಹಸು. ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿ ಅದಕ್ಕೆ ಕೊಡುವ ಡಿಮಿನಜೀನ್ ಇಂಜೆಕ್ಷನ್ ಕೊಡಿಸಿದ್ದರೆ ಉಳಿಯುತ್ತಿತ್ತೇನೋ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮುಂದಿನ ವರ್ಷ ಇನ್ನೊಂದಕ್ಕೆ ಥೈಲೇರಿಯಾ, ಉಣ್ಣೆ ಹರಡುವ ಇನ್ನೊಂದು ರೋಗಾಣು. ಹೆಗಲ ಮುಂದಿನ ಗಡ್ಡೆ ನಿಂಬೆಹಣ್ಣಿಗಿಂತ ದಪ್ಪ ಊದಿತ್ತು. ಈ ಸಲ ಕಿವಿ ತುದಿಯ ರಕ್ತ ಗಾಜಿಗೆ ಸವರಿ ಅದೇ ದಿನ ಕಳಿಸಿದೆ. ಅದರ ಔಷಧಿ ಬುಪಾರ್ವಕ್ವೋನ್ 20 ಕೆಜಿ ತೂಕಕ್ಕೆ 1 ಎಂಎಲ್ ಲೆಕ್ಕ ಅಲ್ವಾ, 20 ಎಂಎಲ್ ಬಾಟಲಿ ಒಂದೇ ಸಲಕ್ಕೆ ಖಾಲಿ. ಎಲ್ಲ ಸೇರಿ ಐದು ಸಾವಿರ ದಾಟಿತು. ಹಸು ಉಳಿಯಿತು. ಆದರೆ ಗುಣವಾದ ಹಸುವಿನ ರಕ್ತದಲ್ಲೂ ರೋಗಾಣು ಉಳಿದಿರುತ್ತದೆ, ಉಣ್ಣೆ ಅದನ್ನು ಪಕ್ಕದ ಹಸುವಿಗೆ ದಾಟಿಸುತ್ತದೆ.

ಮೈಮೇಲೆ ಹೊಡೆಯುವ ಉಣ್ಣೆ ಔಷಧಿ ಡೆಲ್ಟಾಮೆಥ್ರಿನ್‌ಗೆ ಮೊದಲ ವರ್ಷ ಉಣ್ಣೆ ಉದುರಿದವು, ಆಮೇಲೆ ಜಗ್ಗಲಿಲ್ಲ. ಡೋಸ್ ಜಾಸ್ತಿ ಮಾಡಿದೆ. ಹಸು ಜೊಲ್ಲು ಸುರಿಸಿತು, ಉಣ್ಣೆ ಹಾಗೇ ಇದ್ದವು. ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಕಿಸಿದರೆ ಔಷಧಿ ಹಾಲಿಗೂ ಬರುತ್ತದೆ, ಹಾಲು ಚೆಲ್ಲಬೇಕು.

ಆಗ ರಕ್ತ ಕುಡಿದು ಊದಿದ್ದ ಒಂದು ಉಣ್ಣೆಯನ್ನು ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟೆ. ವಾರ ಕಳೆಯುವುದರೊಳಗೆ ಅದರ ಮುಂದೆ ಕಂದು ಮೊಟ್ಟೆಗಳ ರಾಶಿ. ಅಂಥ ಒಂದೊಂದು ಉಣ್ಣೆ ಎರಡು ಮೂರು ಸಾವಿರ ಇಡುತ್ತದೆ. ತಿಂಗಳ ಮೇಲೆ ನೋಡಿದರೆ ಬಾಟಲಿ ಗೋಡೆಯಲ್ಲಿ ಕೆಂಪು ಧೂಳು ಹರಿದಾಡುತ್ತಿತ್ತು! ಬಬೇಸಿಯಾ ತಾಯಿ ಉಣ್ಣೆಯಿಂದ ಮೊಟ್ಟೆಗೂ ಹೋಗುತ್ತದೆ. ಅಂದರೆ ಮರಿ ಹುಟ್ಟುವಾಗಲೇ ರೋಗ ಹೊತ್ತಿರುತ್ತದೆ. ಊದಿದ ಉಣ್ಣೆ ಹಸುವಿನ ಮೈಯಿಂದ ಉದುರಿ ಸಂದಿ ಸೇರಿ ಮೊಟ್ಟೆ ಇಡುತ್ತದೆ. ನಮ್ಮ ಕೊಟ್ಟಿಗೆಯ ಕಲ್ಲು ಸಂದಿಗಳಲ್ಲಿ ಅಂಥ ರಾಶಿ ಎಷ್ಟಿತ್ತೋ.

ಹಸುಗಳನ್ನು ಹೊರಗೆ ಕಟ್ಟಿ, ಹುಲ್ಲು ಎಲ್ಲ ಖಾಲಿ ಮಾಡಿ, ಕೋಳಿ ಫಾರಂನವರು ಬಳಸುವ ಬೆಂಕಿ ಉಗುಳುವ ಫ್ಲೇಮ್ ಗನ್ ತಂದು ಸಂದಿ ಸಂದಿ ಸುಟ್ಟೆ. ಚಟಪಟ ಸದ್ದು ಬಂತು. ಆಮೇಲೆ ಸಂದಿಗೆ ಸಿಮೆಂಟು, ಮೇಲೆ ಸುಣ್ಣ. ಸುಣ್ಣಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಖರ್ಚು ಎಂಟು ಸಾವಿರದ ಸುಮಾರು.

ಹಸುವಿನ ಮೈಗೆ ಹೊಡೆಯಲು ಈಗ ಅಮಿಟ್ರಾಜ್ ಅನ್ನುವ ಉಣ್ಣೆ ಔಷಧಿ, ಲೀಟರ್ ನೀರಿಗೆ 2 ಎಂಎಲ್. ಮೈಗೆ ಹತ್ತಿದ ಮರಿ ಬೆಳೆದು ಉದುರಲು ಮೂರು ವಾರ ಬೇಕು, ನಾನು 18ನೇ ದಿನಕ್ಕೇ ಮತ್ತೆ ಹೊಡೆಯುತ್ತೇನೆ. ಕಿವಿ ಒಳಗೆ, ಕೆಚ್ಚಲ ಸಂದಿ, ಬಾಲದ ಬುಡ ಬಿಟ್ಟರೆ ಹೊಡೆದದ್ದೂ ದಂಡ.

ಬೆಳ್ಳುಳ್ಳಿ, ಬೇವು, ಬಜೆ, ಅರಿಶಿನ, ತುಳಸಿ, ಲಂಟಾನ ಸೊಪ್ಪು ರುಬ್ಬಿ ಸೋಸಿಯೂ ಹೊಡೆದು ನೋಡಿದೆ. ಸಣ್ಣ ಕರುಗಳಿಗೆ ಅದನ್ನೇ ಈಗಲೂ ಬಳಸುತ್ತೇನೆ. ಜೋರು ಮಳೆಯಲ್ಲಿ ಮೇಯಲು ಬಿಟ್ಟರೆ ನಿಲ್ಲುವುದಿಲ್ಲ. ನಾಲ್ಕು ನಾಟಿ ಕೋಳಿ ಬಿಟ್ಟಿದ್ದೇನೆ, ನೆಲದ ಉಣ್ಣೆ ಚೆನ್ನಾಗಿ ಹೆಕ್ಕುತ್ತವೆ.

ತೋಟದ ಅಂಚಿನಿಂದ ದರಗು (ಒಣ ಎಲೆ) ತಂದು ಹಾಸುವುದನ್ನೂ ನಿಲ್ಲಿಸಿದೆ, ಕಾಡಿನ ಉಣ್ಣೆ ಅದರಲ್ಲೇ ಬರುತ್ತಿತ್ತು. ಈ ವರ್ಷ ಎರಡು ಹಸುಗಳ ಕೆಳಗೆ ಕಾಫಿ ಹೊಟ್ಟು ಹಾಸಿದ್ದೇನೆ. ಗೊಬ್ಬರ ಹೇಗೆ ಬರುತ್ತದೆ ಅಂತ ಕೊಯ್ಲು ಮುಗಿದ ಮೇಲೆ ನೋಡಬೇಕು.