ಹತ್ತರಲ್ಲಿ ಎಷ್ಟು ಸಲ? ದಿನನಿತ್ಯದ ನಿರ್ಧಾರಗಳಿಗೆ ನಾನು ಹಾಕುವ ಲೆಕ್ಕ

"ಆಗಬಹುದು", "ಆದರೂ ಆದೀತು", "ಆಗಲಿಕ್ಕಿಲ್ಲ ಬಿಡಿ". ಇಂಥ ಮಾತುಗಳನ್ನು ನಂಬಿಕೊಂಡೇ ನಾವು ಹಣ ಖರ್ಚು ಮಾಡುತ್ತೇವೆ, ಹೊರಡುವ ಹೊತ್ತು ಗೊತ್ತು ಮಾಡುತ್ತೇವೆ, ಕೆಲಸ ಒಪ್ಪಿಕೊಳ್ಳುತ್ತೇವೆ. ಈ ಮಾತು ಬಾಯಿಗೆ ಬಂದಾಗಲೆಲ್ಲ "ಹತ್ತರಲ್ಲಿ ಎಷ್ಟು ಸಲ?" ಎಂದು ಕೇಳಿಕೊಳ್ಳುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೇನೆ. ಉತ್ತರ ಎರಡೋ ಏಳೋ ಇರಲಿ, ಒಂದು ಸಂಖ್ಯೆ ಸಿಕ್ಕರೆ ಮುಂದಿನ ಲೆಕ್ಕ ಶಾಲೆಯ ಗುಣಾಕಾರ, ಸಂಕಲನ ಅಷ್ಟೇ. ಆಗಬಹುದಾದ ಪ್ರತಿಯೊಂದರ ಸಂಭವವನ್ನು ಅದರಿಂದ ಬರುವ ಲಾಭ ಅಥವಾ ನಷ್ಟದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಬೇಕು. ಬಂದ ಮೊತ್ತವೇ ನಿರೀಕ್ಷಿತ ಮೌಲ್ಯ.

ಅದು ಮುಂದೆ ಆಗುವುದನ್ನು ಹೇಳುವ ಭವಿಷ್ಯವಲ್ಲ. ದಾಳ ಉರುಳಿಸಿದರೆ ನಿರೀಕ್ಷಿತ ಮೌಲ್ಯ 3.5, ಯಾವ ದಾಳದಲ್ಲೂ ಮೂರೂವರೆ ಬೀಳುವುದಿಲ್ಲ. ಅದೇ ಬಗೆಯ ನಿರ್ಧಾರವನ್ನು ಮತ್ತೆ ಮತ್ತೆ ತೆಗೆದುಕೊಂಡರೆ ಸರಾಸರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದವರು ಒಂದು ಸಲ ಲೆಕ್ಕ ತಪ್ಪಿದ ಕೂಡಲೇ ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಲೆಕ್ಕವನ್ನು ತಿರುಗಿಸಿ ಹಾಕುವ ವಿಧಾನ. ಯಂತ್ರವೊಂದನ್ನು ಕೊಳ್ಳುವಾಗ ಹೆಚ್ಚುವರಿ ವಾರಂಟಿ ಬೇಕೇ ಎಂದು ಕೇಳುತ್ತಾರೆ. ಯಂತ್ರದ ಬೆಲೆ 100 ಪಾಲು, ವಾರಂಟಿಗೆ 12 ಪಾಲು, ಕೆಟ್ಟರೆ ರಿಪೇರಿಗೆ ಸುಮಾರು 40 ಪಾಲು ಎಂದಿಟ್ಟುಕೊಳ್ಳಿ. ಅದು ಕೆಡುವ ಸಂಭವ ಎಷ್ಟು? ನಿಖರವಾಗಿ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಾನು 12ನ್ನು 40ರಿಂದ ಭಾಗಿಸುತ್ತೇನೆ: 0.3. ಕೆಡುವ ಸಂಭವ ಶೇಕಡಾ 30ಕ್ಕಿಂತ ಹೆಚ್ಚಿದ್ದರೆ ಮಾತ್ರ ವಾರಂಟಿ ಕೊಂಡದ್ದು ಗಿಟ್ಟುತ್ತದೆ. ಈಗ ನನ್ನ ಮುಂದಿರುವುದು ಸುಲಭದ ಪ್ರಶ್ನೆ: ವಾರಂಟಿಯ ಅವಧಿಯೊಳಗೆ ಇಂಥ ಹತ್ತು ಯಂತ್ರಗಳಲ್ಲಿ ಮೂರು ಕೆಡುತ್ತವೆಯೇ? ಬಳಸುವವರನ್ನು ವಿಚಾರಿಸಿದಾಗ ಹತ್ತಕ್ಕೆ ಒಂದು ಎಂಬಷ್ಟೇ ಕಂಡರೆ ವಾರಂಟಿಯ ನಿರೀಕ್ಷಿತ ಲಾಭ 4 ಪಾಲು, ಕೊಡುವುದು 12. ಬೇಡ ಎನ್ನಲು ಇಷ್ಟು ಸಾಕು. ನನ್ನ ಅಂದಾಜು ಎರಡು ಪಟ್ಟು ಕಡಿಮೆಯಾಗಿದ್ದರೂ, ಅಂದರೆ ನಿಜವಾದ ಸಂಭವ ಶೇಕಡಾ 20 ಇದ್ದರೂ, ತೀರ್ಮಾನ ಬದಲಾಗುವುದಿಲ್ಲ. ಸಂಖ್ಯೆ ಎಷ್ಟು ಖಚಿತ ಎಂಬುದಕ್ಕಿಂತ ಅದು ಸಮವಾಗುವ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಅಂಚಿನ ಹತ್ತಿರವೇ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವುದನ್ನು ಆರಿಸಿದರೂ ಹೆಚ್ಚು ವ್ಯತ್ಯಾಸವಾಗದು.

ರೈಲು ಹಿಡಿಯಲು ಎಷ್ಟು ಹೊತ್ತಿಗೆ ಹೊರಡಬೇಕು ಎನ್ನುವುದಕ್ಕೂ ಇದೇ ದಾರಿ. ರೈಲು ತಪ್ಪಿದರೆ ಮುಂದಿನದಕ್ಕೆ 180 ನಿಮಿಷ ಕಾಯಬೇಕು. ಎಂದಿನಂತೆ ಹೊರಟರೆ ತಪ್ಪುವ ಸಂಭವ ಶೇಕಡಾ 10, ಹತ್ತು ನಿಮಿಷ ಮೊದಲೇ ಹೊರಟರೆ ಶೇಕಡಾ 3 ಎನ್ನೋಣ. ಸಂಭವ ಇಳಿದದ್ದು 7. 180ರ ಶೇಕಡಾ 7 ಎಂದರೆ 12.6 ನಿಮಿಷ. ಹತ್ತು ನಿಮಿಷ ಕೊಟ್ಟು ಹನ್ನೆರಡೂವರೆ ಪಡೆದ ಹಾಗಾಯಿತು, ಬೇಗ ಹೊರಡುವುದೇ ಸರಿ. ಇನ್ನೂ ಹತ್ತು ನಿಮಿಷ ಮುಂಚೆ ಹೊರಟರೆ? ಸಂಭವ 3ರಿಂದ 1ಕ್ಕೆ ಇಳಿಯಬಹುದು; ಉಳಿತಾಯ ಬರೀ 3.6 ನಿಮಿಷ. ಅದಕ್ಕಾಗಿ ಹತ್ತು ನಿಮಿಷ ಕೊಡುವುದಿಲ್ಲ. ಆದರೆ ಆ ರೈಲು ಹಿಡಿದು ಹೋಗುವುದು ಕೆಲಸದ ಸಂದರ್ಶನಕ್ಕೆ ಎಂದಾದರೆ ಲೆಕ್ಕ ಬದಲಾಗುತ್ತದೆ. 10ನ್ನು 0.02ರಿಂದ ಭಾಗಿಸಿದರೆ 500. ತಪ್ಪಿಸಿಕೊಂಡದ್ದರ ನಷ್ಟ 500 ನಿಮಿಷಕ್ಕಿಂತ, ಅಂದರೆ ಎಂಟು ಗಂಟೆಗಿಂತ ಚೂರು ಹೆಚ್ಚು ಹೊತ್ತಿಗಿಂತ, ದೊಡ್ಡದೆಂದು ನನಗನ್ನಿಸಿದರೆ ಆ ಎರಡನೆಯ ಹತ್ತು ನಿಮಿಷವನ್ನೂ ಕೊಡಬೇಕು. ಸಂದರ್ಶನಕ್ಕೆ ಖಂಡಿತ ಕೊಡುತ್ತೇನೆ. "ಯಾವಾಗಲೂ ಬೇಗ ಹೊರಡು" ಎಂಬ ಉಪದೇಶಕ್ಕಿಂತ ಇದು ನನಗೆ ಹೆಚ್ಚು ಒಪ್ಪಿಗೆ, ಏಕೆಂದರೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಇದು ಹೇಳುತ್ತದೆ.

ಈ ಸಂಭವಗಳು ಎಲ್ಲಿಂದ ಬರುತ್ತವೆ? ಎಣಿಕೆಯಿಂದ. ಪ್ರಯಾಣಕ್ಕೆ ಹಿಡಿದ ಹೊತ್ತನ್ನು ಫೋನಿನಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಎಣಿಕೆ ಕಡಿಮೆ ಇದ್ದಾಗ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಕೊಟ್ಟ ಸೂತ್ರ ಕೈಹಿಡಿಯುತ್ತದೆ: ಆದ ಸಲಕ್ಕೆ 1 ಕೂಡಿಸಿ, ಒಟ್ಟು ಸಲಕ್ಕೆ 2 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. ಐದು ಸಲ ಹೋಗಿ ಒಂದು ಸಲವೂ ತಡವಾಗಿಲ್ಲ ಎಂದರೆ ತಡವಾಗುವ ಸಂಭವ ಸೊನ್ನೆ ಅಲ್ಲ, ಏಳರಲ್ಲಿ ಒಂದು. ಐದೇ ಸಲ ನೋಡಿದವರಿಗೆ ಇದು ನ್ಯಾಯವಾದ ಅಂದಾಜು.

ಬಸ್ಸಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ಸರಾಸರಿ ಹತ್ತು ನಿಮಿಷಕ್ಕೊಂದು ಬಸ್ಸು ಇದ್ದರೆ ಸರಾಸರಿ ಐದು ನಿಮಿಷ ಕಾಯಬೇಕು ಅನ್ನಿಸುತ್ತದೆ. ಆದರೆ ಬಸ್ಸುಗಳ ನಡುವಿನ ಅಂತರ ಒಮ್ಮೆ 5, ಒಮ್ಮೆ 15 ನಿಮಿಷ ಎಂದು ಬದಲಾಗುತ್ತಿದ್ದರೆ? ಹೊತ್ತು ನೋಡದೆ ಹೋಗಿ ನಿಂತವರು ನಾಲ್ಕರಲ್ಲಿ ಮೂರು ಸಲ ಆ 15 ನಿಮಿಷದ ಅಂತರದೊಳಗೇ ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ಹೊತ್ತಿನ ಬಹುಪಾಲು ಅದರದೇ. ಅಲ್ಲಿ ಸರಾಸರಿ ಕಾಯುವುದು ಏಳೂವರೆ ನಿಮಿಷ, ಉಳಿದ ಒಂದು ಸಲ ಎರಡೂವರೆ, ಒಟ್ಟಾರೆ 6.25. "ನಾನು ಹೋದಾಗಲೇ ಬಸ್ಸು ತಡ" ಎನ್ನುವವರ ಮಾತಿನಲ್ಲಿ ಹುರುಳಿದೆ.

ಹಲವು ಕೆಲಸಗಳು ಒಂದರ ಹಿಂದೆ ಒಂದು ಆಗಬೇಕಾದ ಕಡೆ ಗುಣಾಕಾರವನ್ನು ಮರೆಯಬಾರದು. ಐದು ಹಂತಗಳು, ಪ್ರತಿಯೊಂದೂ ಹೇಳಿದ ಹೊತ್ತಿಗೆ ಮುಗಿಯುವ ಸಂಭವ ಶೇಕಡಾ 90. ಒಂದರ ಮೇಲೊಂದು ಪ್ರಭಾವವಿಲ್ಲದಿದ್ದರೆ ಐದೂ ಸರಿಯಾಗಿ ಮುಗಿಯುವ ಸಂಭವ ಶೇಕಡಾ 59 ಮಾತ್ರ. ಯಾರಾದರೂ ಗಡುವು ಕೇಳಿದಾಗ ನಾನು ಮೊದಲು ಹಂತಗಳನ್ನು ಎಣಿಸುತ್ತೇನೆ.

ಪರೀಕ್ಷೆ ಬರೆಯುವವರಿಗೂ ಒಂದು ಮಾತು. ನಾಲ್ಕು ಆಯ್ಕೆ, ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ ಇದ್ದರೆ ಕಣ್ಣುಮುಚ್ಚಿ ಗುರುತು ಹಾಕುವುದರ ನಿರೀಕ್ಷಿತ ಫಲ ಸೊನ್ನೆ. ಒಂದು ಆಯ್ಕೆಯನ್ನು ತಪ್ಪೆಂದು ಖಚಿತವಾಗಿ ತೆಗೆದುಹಾಕಲು ಸಾಧ್ಯವಾದರೆ ಅದು ಒಂಬತ್ತರಲ್ಲಿ ಒಂದು ಅಂಕದಷ್ಟು ಲಾಭಕ್ಕೆ ತಿರುಗುತ್ತದೆ, ಆಗ ಬಿಟ್ಟುಬಿಡಬಾರದು.

ನಿರೀಕ್ಷಿತ ಮೌಲ್ಯದ ಈ ಯೋಚನೆಯ ಮೂಲ 1654ರಲ್ಲಿ ಫ್ರೆಂಚ್ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಲ್ಲಿದೆ. ಅವರ ಮುಂದಿದ್ದ ಪ್ರಶ್ನೆ ಇದು: ಗೆಲ್ಲುವ ಸಂಭವ ಸಮವಾಗಿರುವ ಇಬ್ಬರ ಆಟ, ಮೊದಲು ಮೂರು ಸುತ್ತು ಗೆದ್ದವರಿಗೆ ಪಣದ ಹಣವೆಲ್ಲ. ಆಟ 2–1ರಲ್ಲಿ ನಿಂತುಹೋದರೆ ಹಂಚುವುದು ಹೇಗೆ? ಆಡಿದ ಆಟವನ್ನು ನೋಡದೆ ಆಡಬೇಕಾಗಿದ್ದ ಆಟವನ್ನು ಅವರು ನೋಡಿದರು. ಹಿಂದಿರುವವನು ಗೆಲ್ಲಬೇಕಾದರೆ ಮುಂದಿನ ಎರಡು ಸುತ್ತನ್ನೂ ಗೆಲ್ಲಬೇಕು, ಅದರ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ಮುಂದಿರುವವನಿಗೆ ಮುಕ್ಕಾಲು, ಇನ್ನೊಬ್ಬನಿಗೆ ಕಾಲು. ಇದುವರೆಗೆ ಆದದ್ದನ್ನು ಬದಿಗಿಟ್ಟು ಇನ್ನು ಏನೇನು ಆಗಬಹುದು ಎಂದು ನೋಡುವ ಈ ತಿರುವು, ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಬೇಕೇ ಬಿಡಬೇಕೇ ಎಂಬಲ್ಲಿ ನನಗೆ ಪದೇ ಪದೇ ನೆರವಾಗಿದೆ.

ಸರಾಸರಿಯನ್ನು ನಂಬಿ ನಡೆಯಬಾರದ ಜಾಗವೂ ಇದೆ, ಅದನ್ನು ಒತ್ತಿ ಹೇಳಲೇಬೇಕು. ಗೆದ್ದರೆ ಕೈಯಲ್ಲಿರುವ ಹಣಕ್ಕೆ ಶೇಕಡಾ 60 ಸೇರುತ್ತದೆ, ಸೋತರೆ ಅರ್ಧ ಹೋಗುತ್ತದೆ, ಎರಡಕ್ಕೂ ಸಮ ಸಂಭವ ಎಂಬ ಹೂಡಿಕೆ ಇದೆ ಎನ್ನಿ. ನಿರೀಕ್ಷಿತ ಲಾಭ ಶೇಕಡಾ 5, ಕಾಗದದ ಮೇಲೆ ಚಂದ. ಆದರೆ ಪೂರ್ತಿ ಹಣ ಹಾಕಿ ಒಮ್ಮೆ ಗೆದ್ದು ಒಮ್ಮೆ ಸೋತರೆ 100 ಮೊದಲು 160 ಆಗಿ, ಆಮೇಲೆ 80ಕ್ಕೆ ಬಂದು ನಿಲ್ಲುತ್ತದೆ. ಆಡುತ್ತಾ ಹೋದ ಹಾಗೆಲ್ಲ ಕರಗುತ್ತದೆ. ಆದ್ದರಿಂದ ಹಾಕಿದ್ದು ಪೂರ್ತಿ ಹೋದರೂ ಜೀವನ ನಡೆಯುತ್ತದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ, ಸರಾಸರಿ ಆಮೇಲೆ. ಮೇಲೆ ಬೇಡವೆಂದ ವಾರಂಟಿಯ ಲೆಕ್ಕವನ್ನು ಆರೋಗ್ಯ ವಿಮೆಗೆ ಹಾಕದಿರುವುದು ಇದೇ ಕಾರಣಕ್ಕೆ. ವಿಮೆಯ ಕಂತು ನಿರೀಕ್ಷಿತ ಪರಿಹಾರಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಆದರೂ ಒಂದೇ ಏಟಿಗೆ ಮೇಲೇಳದಂತೆ ಮಾಡುವ ಖರ್ಚಿನಿಂದ ಅದು ಕಾಪಾಡುತ್ತದೆ. ಕೆಟ್ಟ ಯಂತ್ರದಿಂದ ಯಾರೂ ಮುಳುಗುವುದಿಲ್ಲ.

ನನ್ನ ಅಂದಾಜುಗಳು ಎಷ್ಟರ ಮಟ್ಟಿಗೆ ಸರಿ ಎಂದು ತಾಳೆ ನೋಡಲು ಒಂದು ಪಟ್ಟಿ ಇಟ್ಟಿದ್ದೇನೆ. ವಿಷಯ, ನಾನು ಕೊಟ್ಟ ಶೇಕಡಾ, ಆಯಿತೋ ಇಲ್ಲವೋ, ಈ ಮೂರೇ ಕಾಲಂ. ಫಲ ಗೊತ್ತಾಗುವ ಮೊದಲೇ ಶೇಕಡಾ ಬರೆದಿರಬೇಕು; ಆಮೇಲೆ ಬರೆದರೆ ಮನಸ್ಸು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. "ಶೇಕಡಾ 70" ಎಂದು ಬರೆದವನ್ನೆಲ್ಲ ಒಟ್ಟಿಗೆ ತೆಗೆದು, ಹತ್ತಕ್ಕೆ ಏಳರ ಆಸುಪಾಸಿನಲ್ಲಿ ನಿಜವಾಗಿವೆಯೇ ಎಂದು ನೋಡುತ್ತೇನೆ. ಹತ್ತೇ ಇದ್ದಾಗ ತೀರ್ಮಾನಕ್ಕೆ ಬರುವುದಿಲ್ಲ, ಏಕೆಂದರೆ ಅಂದಾಜು ಪೂರ್ತಿ ಸರಿಯಿದ್ದರೂ ಹತ್ತರಲ್ಲಿ ಐದು ಅಥವಾ ಅದಕ್ಕಿಂತ ಕಡಿಮೆ ನಿಜವಾಗುವ ಸಂಭವ ಶೇಕಡಾ 15ರಷ್ಟಿದೆ. ಒಂದೊಂದು ಶೇಕಡಾದ ಕೆಳಗೂ ಮೂವತ್ತು ನಲವತ್ತು ಸಾಲು ಸೇರುವವರೆಗೆ ಕಾಯುತ್ತೇನೆ, ಆಮೇಲೆಯೇ ನನ್ನ 70ನ್ನು 60 ಎಂದು ಓದಿಕೊಳ್ಳಬೇಕೇ ಎಂದು ಯೋಚಿಸುತ್ತೇನೆ.