ಮಾರುಕಟ್ಟೆ ಇಳಿದಾಗ ದೀರ್ಘಾವಧಿ ಹೂಡಿಕೆ: ನಾನು ಆಯ್ಕೆ ಮಾಡುವ ಬಗೆ

ಮಾರುಕಟ್ಟೆ ಕುಸಿಯುತ್ತಿರುವಾಗ ಹೊಸಬರು ಮೊದಲು ಕೇಳುವುದು ‘ಯಾವುದು ಹೆಚ್ಚು ಬಿದ್ದಿದೆ?’ ಎಂದು. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. 100ರಿಂದ 20ಕ್ಕೆ ಇಳಿದ ಷೇರು ಅಗ್ಗವೆಂದು ಕಾಣುತ್ತದೆ. ಅದೇ ಷೇರು 10ಕ್ಕೆ ಬಂದರೆ 20ಕ್ಕೆ ಕೊಂಡವರ ಹಣ ಅರ್ಧ ಹೋದಂತೆ. ಎಷ್ಟು ಬಿದ್ದಿದೆ ಎಂಬುದರಿಂದ ಇನ್ನೆಷ್ಟು ಬೀಳಬಹುದು ಎಂದು ಗೊತ್ತಾಗುವುದಿಲ್ಲ. ನಾನು ಮೊದಲು ನೋಡುವುದು, ಹಾಕಬೇಕೆಂದಿರುವ ಹಣ ಯಾವ ವರ್ಷ ವಾಪಸ್ ಬೇಕು ಎಂಬುದನ್ನು.

ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲೇ ಇರಬೇಕು. ಆದಾಯ ಏರುಪೇರಾಗುವವರಿಗೆ ಹನ್ನೆರಡು ತಿಂಗಳದ್ದು ಎನ್ನುತ್ತೇನೆ, ಏಕೆಂದರೆ ಷೇರುಪೇಟೆ ಬೀಳುವುದೂ ಕೆಲಸ ಹೋಗುವುದೂ ಅನೇಕ ಸಲ ಒಟ್ಟಿಗೇ ಬರುತ್ತವೆ. ಆಗ ಕೈಯಲ್ಲಿ ಕಾಸಿಲ್ಲದವರು ಅತಿ ಕಡಿಮೆ ಬೆಲೆಗೆ ಮಾರಿಬಿಡುತ್ತಾರೆ. ಶೇ 18ರ ಬಡ್ಡಿಯ ಸಾಲವಿದ್ದರೆ ಅದು ಮೊದಲು ತೀರಲಿ. ಅಷ್ಟು ಖಚಿತವಾದ ಲಾಭವನ್ನು ಯಾವ ಫಂಡೂ ಕೊಡುವುದಿಲ್ಲ.

ಐದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರಿನ ಕಡೆ ಕಳಿಸುವುದಿಲ್ಲ. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ಎಸ್ ಆ್ಯಂಡ್ ಪಿ 500 ಸೂಚ್ಯಂಕ 2020ರ ಫೆಬ್ರವರಿ–ಮಾರ್ಚ್‌ನಲ್ಲಿ ಸುಮಾರು ಶೇ 34 ಬಿದ್ದು ಅದೇ ವರ್ಷದ ಆಗಸ್ಟ್‌ಗೆ ಮೊದಲಿನ ಮಟ್ಟಕ್ಕೆ ಬಂತು. ಅದೇ ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಸುಮಾರು ಶೇ 57 ಇಳಿದು, ಹಳೆಯ ಎತ್ತರ ಮುಟ್ಟಿದ್ದು 2013ರಲ್ಲಿ. ಜಪಾನಿನ ಷೇರು ಸೂಚ್ಯಂಕ ನಿಕ್ಕೇ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಈಗಿನ ಇಳಿತ ಯಾವ ಜಾತಿಯದು ಎಂದು ನಡುವೆ ನಿಂತವರಿಗೆ ತಿಳಿಯದು. ಹಾಗಾಗಿ ಅವಧಿ ಉದ್ದವಾಗಿರಬೇಕು, ಹಣ ಒಂದೇ ದೇಶದ ಮೇಲೆ ನಿಂತಿರಬಾರದು.

ಹೊಸಬರ ಷೇರಿನ ಪಾಲಿಗೆ ನನ್ನ ಆಯ್ಕೆ ವಿಶಾಲವಾದ ಇಂಡೆಕ್ಸ್ ಫಂಡ್, ಅಂದರೆ ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನು ಅದೇ ಪ್ರಮಾಣದಲ್ಲಿ ಕೊಂಡಿಡುವ ಫಂಡ್. ಯಾವುದೋ ಒಂದು ವಲಯದ್ದಲ್ಲ, ಇಡೀ ಮಾರುಕಟ್ಟೆಯದ್ದು. ಒಂದೇ ಸೂಚ್ಯಂಕದ ಹತ್ತು ಫಂಡ್‌ಗಳಿದ್ದಾಗ ಮೊದಲು ವಾರ್ಷಿಕ ವೆಚ್ಚ ನೋಡುತ್ತೇನೆ. ವೆಚ್ಚ ಕಳೆಯುವ ಮುನ್ನ ವರ್ಷಕ್ಕೆ ಶೇ 8 ಬೆಳವಣಿಗೆ ಎಂದುಕೊಂಡರೆ, ಶೇ 0.1 ವೆಚ್ಚದಲ್ಲಿ 100 ಎಂಬುದು 25 ವರ್ಷಕ್ಕೆ ಸುಮಾರು 669 ಆಗುತ್ತದೆ, ಶೇ 1.5 ವೆಚ್ಚದಲ್ಲಿ 483 ಮಾತ್ರ. ಆಮೇಲೆ ಫಂಡ್‌ನ ಗಳಿಕೆಯನ್ನು ಲಾಭಾಂಶವೂ ಸೇರಿದ ಸೂಚ್ಯಂಕದ ಪಕ್ಕದಲ್ಲಿಟ್ಟು ನೋಡಬೇಕು. ಲಾಭಾಂಶ ಬಿಟ್ಟ ಸೂಚ್ಯಂಕಕ್ಕೆ ಹೋಲಿಸಿದರೆ ಸಾಧಾರಣ ಫಂಡ್ ಕೂಡ ಚೆನ್ನಾಗಿ ಕಾಣುತ್ತದೆ. ಎರಡರ ನಡುವಿನ ಅಂತರ ವೆಚ್ಚಕ್ಕಿಂತ ತುಂಬ ಹೆಚ್ಚಿದ್ದರೆ ನಿರ್ವಹಣೆ ಸಡಿಲ ಎಂದರ್ಥ. ಇಟಿಎಫ್ (ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್) ಕೊಳ್ಳುವವರಿಗೆ ಒಂದು ಮಾತು: ಗಾಬರಿಯ ದಿನಗಳಲ್ಲಿ ಅದರ ಪೇಟೆ ಬೆಲೆ ಒಳಗಿನ ನಿಜವಾದ ಮೌಲ್ಯದಿಂದ ದೂರ ಸರಿಯಬಹುದು. ಸಿಕ್ಕ ಬೆಲೆಗೆ ಕೊಳ್ಳದೆ, ಮಿತಿ ಹಾಕಿ ಆರ್ಡರ್ ಕೊಡಬೇಕು.

ಉಳಿದ ಪಾಲು ಬಾಂಡ್, ಅಂದರೆ ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಟ್ಟ ಸಾಲದ ಪತ್ರ. ಇಲ್ಲಿ ಅವಧಿ ಮುಖ್ಯ. ಬಡ್ಡಿದರ ಶೇಕಡ 1 ಅಂಶ ಏರಿದರೆ, ಡ್ಯುರೇಷನ್ (ಬಡ್ಡಿ ಬದಲಾದಾಗ ಬಾಂಡ್ ಬೆಲೆ ಎಷ್ಟು ಅಲುಗುತ್ತದೆ ಎಂಬುದರ ಅಳತೆ) 8 ವರ್ಷ ಇರುವ ಫಂಡ್ ಸುಮಾರು ಶೇ 8 ಇಳಿಯುತ್ತದೆ, 2 ವರ್ಷದ್ದು ಶೇ 2. 2022ರಲ್ಲಿ ಬಡ್ಡಿ ಬಿರುಸಾಗಿ ಏರಿ, ಹಲವು ದೇಶಗಳಲ್ಲಿ ಷೇರು, ಬಾಂಡ್ ಎರಡೂ ಒಟ್ಟಿಗೆ ಇಳಿದವು. ಆಸರೆಗೆಂದು ಇಟ್ಟ ಹಣ ಅಲುಗಾಡಬಾರದು ಎಂಬ ಕಾರಣಕ್ಕೆ ನಾನು ಕಡಿಮೆ ಅವಧಿಯ, ಉತ್ತಮ ರೇಟಿಂಗ್‌ನ (ಸಾಲ ತೀರಿಸುವ ಶಕ್ತಿಗೆ ಕೊಡುವ ದರ್ಜೆ) ಬಾಂಡ್‌ಗಳನ್ನೇ ಹಿಡಿಯುತ್ತೇನೆ. ಶೇ 1 ಹೆಚ್ಚು ಬಡ್ಡಿಯ ಆಸೆಗೆ ದುರ್ಬಲ ಕಂಪನಿಗಳ ಬಾಂಡ್ ಸೇರಿಸಿದರೆ, ಆಸರೆ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ.

ಪ್ರತಿ ತಿಂಗಳು ಫಂಡ್‌ಗೆ ಹಾಕುವ ಕಂತಿನ ವಿಷಯದಲ್ಲಿ ಲೆಕ್ಕವನ್ನೇ ಮುಂದಿಡುತ್ತೇನೆ. ತಿಂಗಳಿಗೆ 1,200ರಂತೆ, ಬೆಲೆ 100, 80, 60 ಇದ್ದಾಗ ಕೊಂಡರೆ 12, 15, 20, ಒಟ್ಟು 47 ಯೂನಿಟ್ (ಫಂಡ್‌ನ ಪಾಲು) ಸಿಗುತ್ತವೆ. ಸರಾಸರಿ ಖರೀದಿ ಬೆಲೆ ಸುಮಾರು 76.6. ಹೆದರಿ ಮೂರನೆಯ ಕಂತು ನಿಲ್ಲಿಸಿದರೆ ಕೈಯಲ್ಲಿರುವುದು 27 ಯೂನಿಟ್, ಸರಾಸರಿ ಬೆಲೆ 88.9. ಬೆಲೆ 80ಕ್ಕೆ ಮರಳಿದಾಗ ಮೊದಲನೆಯವರು ಲಾಭದಲ್ಲಿರುತ್ತಾರೆ, ಎರಡನೆಯವರು ಇನ್ನೂ ನಷ್ಟದಲ್ಲಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ನಿಲ್ಲಿಸುವುದು ಮೊದಲ ಕಂತನ್ನಲ್ಲ, ಎಲ್ಲಕ್ಕಿಂತ ಹೆಚ್ಚು ಯೂನಿಟ್ ತರುವ ಕಂತನ್ನು. ಆದ್ದರಿಂದ ಕಂತು ಸಂಬಳದ ಮರುದಿನವೇ ತಾನಾಗಿ ಹೋಗುವಂತೆ ಇಡಿಸುತ್ತೇನೆ. ದೊಡ್ಡ ಮೊತ್ತ ಒಟ್ಟಿಗೇ ಕೈಯಲ್ಲಿದ್ದರೆ ಸಮ ಭಾಗ ಮಾಡಿ ದಿನಾಂಕ ಗೊತ್ತು ಮಾಡುತ್ತೇನೆ. ‘ಇನ್ನೂ ಇಳಿಯಲಿ’ ಎಂದು ಬೆಲೆಗೆ ಕಾಯುವವರು ಬಹಳ ಸಲ ಏರಿದ ಮೇಲೇ ಕೊಳ್ಳುತ್ತಾರೆ.

ಷೇರು 60, ಬಾಂಡ್ 40 ಎಂದು ಆರಂಭಿಸಿದ್ದೀರಿ ಎಂದುಕೊಳ್ಳಿ. ಷೇರು ಶೇ 40 ಕುಸಿದರೆ 60 ಇದ್ದದ್ದು 36, ಬಾಂಡ್ ಹಾಗೇ 40, ಒಟ್ಟು 76. ಷೇರಿನ ಪಾಲು ಶೇ 47ಕ್ಕೆ ಇಳಿದಿದೆ. ಮತ್ತೆ ಶೇ 60ಕ್ಕೆ ತರಲು ಬಾಂಡ್‌ನಿಂದ 9.6 ತೆಗೆದು ಷೇರಿಗೆ ಹಾಕಬೇಕು. ಯಾರ ಭವಿಷ್ಯವಾಣಿಯೂ ಬೇಡ, ಎಷ್ಟು ಕೊಳ್ಳಬೇಕೆಂದು ಈ ಗಣಿತವೇ ಹೇಳುತ್ತದೆ. ಪಾಲು ಶೇಕಡ 5 ಅಂಶಕ್ಕಿಂತ ಹೆಚ್ಚು ಜರುಗಿದಾಗ ಮಾತ್ರ ಕೈಹಾಕುತ್ತೇನೆ. ಅದಕ್ಕಿಂತ ಸಣ್ಣದಕ್ಕೆಲ್ಲ ಹೊರಟರೆ ತೆರಿಗೆ, ಶುಲ್ಕವೇ ತಿನ್ನುತ್ತದೆ. 60:40 ಎಲ್ಲರಿಗೂ ಹೊಂದುವುದಿಲ್ಲ. 100 ಇದ್ದದ್ದು 76 ಆದಾಗ ನಿದ್ದೆ ಕೆಡುತ್ತದೆ ಎನ್ನುವವರಿಗೆ 40:60 ಸಾಕು.

ಫಂಡ್ ಅಲ್ಲದೆ ಒಂದೊಂದು ಕಂಪನಿಯ ಬಿಡಿ ಷೇರು ಬೇಕೇಬೇಕು ಎಂದರೆ ಒಟ್ಟು ಹಣದ ಶೇ 10ರೊಳಗೆ. ಕಾರ್ಯಾಚರಣೆಯ ಲಾಭ (ಬಡ್ಡಿ, ತೆರಿಗೆ ಕಳೆಯುವ ಮುನ್ನಿನದು) ಬಡ್ಡಿ ವೆಚ್ಚದ ಐದು ಪಟ್ಟಾದರೂ ಇದೆಯೇ, ಐದು ವರ್ಷಗಳಲ್ಲಿ ಲೆಕ್ಕದಲ್ಲಿ ತೋರಿಸಿದ ಲಾಭ ನಗದಾಗಿ ಒಳಗೆ ಬಂದಿದೆಯೇ ಎಂದು ವಾರ್ಷಿಕ ವರದಿಯಲ್ಲಿ ನೋಡುತ್ತೇನೆ. ಕಡಿಮೆ ಪಿಇ (ಷೇರಿನ ಬೆಲೆ ಅದರ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ಕಂಡು ಉಕ್ಕು, ಸಿಮೆಂಟ್ ಕಂಪನಿಗಳಿಗೆ ಕೈಹಾಕುವಾಗ ಎಚ್ಚರ ಬೇಕು: ಲಾಭ ಶಿಖರದಲ್ಲಿದ್ದಾಗಲೇ ಅವುಗಳ ಪಿಇ ಕಡಿಮೆ ಕಾಣುತ್ತದೆ, ಮರುವರ್ಷ ಲಾಭ ಕರಗಿದಾಗ ಅದೇ ಬೆಲೆ ದುಬಾರಿ. ವರದಿಯ ನಗದು ಹರಿವಿನ ಪುಟ ಓದಲು ಬಾರದವರಿಗೆ ಆ ಶೇ 10ನ್ನೂ ಇಂಡೆಕ್ಸ್ ಫಂಡ್‌ಗೇ ಹಾಕಿಸುತ್ತೇನೆ.