ವೀಡಿಯೊ ಇಲ್ಲದ ಬಣ್ಣದ ಪಾಠ: ಮಿನಿಯೇಚರ್ ಪೇಂಟಿಂಗ್ ತಾಣ ಕಟ್ಟಿದ ನನ್ನ ಅನುಭವ

ವೀಡಿಯೊ ಇಲ್ಲದೆ ಮಿನಿಯೇಚರ್ ಪೇಂಟಿಂಗ್, ಅಂದರೆ ಪುಟಾಣಿ ಗೊಂಬೆಗಳಿಗೆ ಬಣ್ಣ ಹಚ್ಚುವುದನ್ನು, ಕಲಿಸಲು ಸಾಧ್ಯವೇ ಇಲ್ಲ ಎಂದು ನನಗೆ ಹೇಳದವರಿಲ್ಲ. ಮಣಿಪಾಲದ ಹಾಸ್ಟೆಲ್ ಹುಡುಗರು ಹೇಳಿದರು, ಬೆಂಗಳೂರಿನಲ್ಲಿ ಹತ್ತಾರು ವರ್ಷ ಕುಂಚ ಹಿಡಿದು ಪಳಗಿದವರು ಹೇಳಿದರು. ಸುರತ್ಕಲ್‌ನಲ್ಲಿ ನನಗೆ ರೆಸಿನ್ (ಬೆಳಕಿಗೆ ಗಟ್ಟಿಯಾಗುವ ದ್ರವ) ಗೊಂಬೆಯನ್ನು 3ಡಿ ಪ್ರಿಂಟ್ ಮಾಡಿಕೊಡುವ ಗೆಳೆಯನಂತೂ ಕಡ್ಡಿ ಮುರಿದಂತೆ ಹೇಳಿದ: "ಈಗ ಯಾರು ಓದುತ್ತಾರೆ ಮಾರಾಯ? ಕುಂಚ ಓಡುವುದು ಕಣ್ಣಿಗೆ ಕಾಣಬೇಡವಾ?" ಈಗ ಅವನ ಪ್ರಿಂಟರ್ ಪಕ್ಕದ ಗೋಡೆಯ ಮೇಲೆಯೇ ನನ್ನ ಜಾಲತಾಣದ ಒಂದು ಪುಟ ಅಚ್ಚಾಗಿ ಅಂಟಿಕೊಂಡಿದೆ. ತಾಣ ನಿಂತಿದೆ, ಓದುಗರಿದ್ದಾರೆ, ಹಾಕಿದ ದುಡ್ಡು ಹುಟ್ಟಿದೆ. ಹೇಗೆ ಎಂದು ಕೇಳುವವರು ಹೆಚ್ಚಾಗಿರುವುದರಿಂದ ಬರೆಯುತ್ತಿದ್ದೇನೆ. ಲೇಯರಿಂಗ್, ಗ್ಲೇಜ್, ವಾಶ್, ಡ್ರೈ ಬ್ರಶ್ ಏನೆಂದು ಗೊತ್ತಿರುವವರಿಗಾಗಿ ಈ ಬರಹ. ಗೊತ್ತಿಲ್ಲದವರಿಗೆ ಚುಟುಕಾಗಿ: ಲೇಯರಿಂಗ್ ಎಂದರೆ ಪದರದ ಮೇಲೆ ಪದರ ಹಚ್ಚುವುದು, ಗ್ಲೇಜ್ ಎಂದರೆ ಕೆಳಗಿನ ಬಣ್ಣ ಕಾಣುವಷ್ಟು ತೆಳು ಪದರ, ವಾಶ್ ಎಂದರೆ ತಗ್ಗುಗಳಿಗೆ ಹರಿಯುವ ನೀರು ಬಣ್ಣ, ಡ್ರೈ ಬ್ರಶ್ ಎಂದರೆ ಒಣ ಕುಂಚದಿಂದ ಉಬ್ಬುಗಳಿಗಷ್ಟೇ ಬಣ್ಣ ತೀಡುವುದು.

ಮೊದಲು ನಾನೂ ವೀಡಿಯೊವನ್ನೇ ಮಾಡಿದ್ದೆ. ಕ್ಯಾಮೆರಾ ಬಾಡಿಗೆ, ಮೈಕು, ಎಡಿಟಿಂಗ್ ಎಲ್ಲ ಸೇರಿ ಸುಮಾರು 20 ಸಾವಿರ ಹೋಯಿತು. ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಯ ಮೇಲಿನ ಕೋಣೆಗೆ ಶೀಟಿನ ಮಾಡು. ಜೂನ್ ಬಂದ ಮೇಲೆ ಅಲ್ಲಿ ಧ್ವನಿ ಹಿಡಿಯುವ ಮಾತೇ ಇಲ್ಲ. ಆದರೆ ನಿಜವಾದ ತೊಡಕು ಮಳೆಯಲ್ಲ. 28 ಮಿಲಿಮೀಟರ್ ಗೊಂಬೆಯ ಕಣ್ಣು ಬರೆಯುವಾಗ ಕ್ಯಾಮೆರಾಕ್ಕೆ ಕಾಣುವುದು ಬೆರಳಿನ ಗಂಟು ಮಾತ್ರ. ಕಲಿಯುವವನ ಅವಸ್ಥೆ ಇನ್ನೂ ಕಷ್ಟ. ಒಂದು ಕೈಯಲ್ಲಿ ಗೊಂಬೆ, ಇನ್ನೊಂದರಲ್ಲಿ ಹಸಿ ಕುಂಚ, ಪ್ಯಾಲೆಟ್ ಮೇಲೆ ಒಣಗುತ್ತಿರುವ ಅಕ್ರಿಲಿಕ್. ಅಂಥವನು ಬಣ್ಣ ಮೆತ್ತಿದ ಬೆರಳಿನಿಂದ ಮೊಬೈಲ್ ಒತ್ತಿ, ವೀಡಿಯೊ ಹಿಂದಕ್ಕೆ ಓಡಿಸಿ, ಬೇಕಾದ ಅರೆಗಳಿಗೆಯನ್ನು ಹುಡುಕಬೇಕು. ಸಿಗುವಷ್ಟರಲ್ಲಿ ಗ್ಲೇಜ್ ಅಂಚು ಕಟ್ಟಿರುತ್ತದೆ. ನಿಶ್ಚಲ ಚಿತ್ರ ಅವನಿಗಾಗಿ ಕಾಯುತ್ತದೆ, ವೀಡಿಯೊ ಕಾಯುವುದಿಲ್ಲ.

ಎರಡನೆಯ ಸಲ ಒಬ್ಬ ಡಿಸೈನರ್‌ಗೆ ಕೊಟ್ಟು ತಾಣ ಮಾಡಿಸಿದೆ. 35 ಸಾವಿರದ ಆಸುಪಾಸು ಕೊಟ್ಟ ನೆನಪು. ನೋಡಲು ಚೆಂದವಿತ್ತು: ಕಪ್ಪು ಹಿನ್ನೆಲೆ, ತಾನೇ ಸರಿಯುವ ದೊಡ್ಡ ಚಿತ್ರಗಳು, ಮೇಲೆ ತಂತ್ರಗಳ ಹೆಸರಿನ ಪಟ್ಟಿ. ಒಂದೊಂದು ಚಿತ್ರ 4-5 ಎಂಬಿ. ಬೆಳ್ತಂಗಡಿ ಕಡೆಯ ಒಬ್ಬ ಓದುಗರು ಮೊದಲ ಪುಟ ತೆರೆಯುವಷ್ಟರಲ್ಲಿ ಚಹಾ ಕುಡಿದು ಮುಗಿಸಿದ್ದೆ ಎಂದರು. ಬಂದವರು ಅರ್ಧ ನಿಮಿಷವೂ ನಿಲ್ಲಲಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಬಂದವರು ಏಕೆ ನಿಲ್ಲುವುದಿಲ್ಲ ಎಂಬುದು ತಿಳಿದದ್ದು ನನ್ನ ವಾಟ್ಸ್‌ಆ್ಯಪ್‌ಗೆ ಬರುತ್ತಿದ್ದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ. "ಗ್ಲೇಜಿಂಗ್ ಹೇಗೆ ಮಾಡುವುದು" ಎಂದು ಕೇಳುವವರು ಬಹಳ ಕಡಿಮೆ. ಹತ್ತರಲ್ಲಿ ಎಂಟು ಮಂದಿ ಕೆಟ್ಟುಹೋದ ಗೊಂಬೆಯ ಫೋಟೊ ಕಳುಹಿಸಿ, ಕೆಳಗೆ "ಇದು ಏನಾಯಿತು?" ಎಂದು ಮಾತ್ರ ಬರೆಯುತ್ತಿದ್ದರು. ಕೈಯಲ್ಲಿರುವ ಗೊಂಬೆ ಕೆಟ್ಟವನಿಗೆ ತಂತ್ರದ ಹೆಸರು ಗೊತ್ತಿರುವುದಿಲ್ಲ. ಗೊತ್ತಿದ್ದರೆ ಗೊಂಬೆ ಅಷ್ಟು ಕೆಡುತ್ತಲೂ ಇರಲಿಲ್ಲ.

ಆ ರಾತ್ರಿಯೇ ಹಳೆಯ ಪಟ್ಟಿಯನ್ನು ಕಿತ್ತುಹಾಕಿದೆ. ಈಗ ಮೊದಲ ಪುಟದಲ್ಲಿ ಹೆಸರುಗಳೇ ಇಲ್ಲ, ಕೆಟ್ಟ ಗೊಂಬೆಗಳ ಹತ್ತಿರದ ಚಿತ್ರಗಳು ಮಾತ್ರ ಇವೆ. ಮೈ ತರಿತರಿಯಾದ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ), ಸೀಮೆಸುಣ್ಣದಂತೆ ಬಿಳುಚಿಕೊಂಡ ಹೈಲೈಟ್ (ಬೆಳಕು ಬೀಳುವ ಭಾಗದ ತಿಳಿ ಬಣ್ಣ), ಒಣಗಿ ಉಂಗುರ ಕಟ್ಟಿದ ವಾಶ್, ಮಬ್ಬು ಕವಿದ ವಾರ್ನಿಶ್, ಬಣ್ಣದಡಿ ಹೂತುಹೋದ ಮುಖ, ಎಷ್ಟು ದಿನವಾದರೂ ಕೈಗಂಟುವ ರೆಸಿನ್. ನಿಮ್ಮ ಕೈಯಲ್ಲಿರುವುದು ಯಾವುದನ್ನು ಹೋಲುತ್ತದೆಯೋ ಅದನ್ನು ಒತ್ತಿದರೆ ಸಾಕು. ಒಳಗಿನ ಪುಟದಲ್ಲಿ ಮೊದಲು ಬರುವುದು ಈಗಲೇ ಉಳಿಸಿಕೊಳ್ಳುವ ದಾರಿ, ಕಾರಣ ಆಮೇಲೆ. ಈ ಕ್ರಮದ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಒದ್ದೆ ವಾಶ್ ಕೈಯಲ್ಲಿ ಹಿಡಿದವನಿಗೆ ವರ್ಣದ್ರವ್ಯದ ಭೌತಶಾಸ್ತ್ರ ಬೇಕಿಲ್ಲ. ಶುಚಿಯಾದ, ತೇವವಷ್ಟೇ ಇರುವ ಕುಂಚದ ತುದಿಯಿಂದ ನಿಂತ ನೀರನ್ನು ಈ ಕ್ಷಣವೇ ಹೀರಿಕೊಳ್ಳಿ ಎಂಬ ಮಾತು ಬೇಕು. ಒಣಗಿಹೋಗಿದ್ದರೆ ಮೂಲ ಬಣ್ಣವನ್ನೇ ತೆಳುಮಾಡಿ ಉಂಗುರದ ಅಂಚಿನ ಮೇಲೆ ಎರಡು ಮೂರು ಪದರ ಎಳೆಯಬೇಕು. ಬಿಳುಚಿದ ಹೈಲೈಟಿಗೆ ಮಧ್ಯದ ಬಣ್ಣದ ಗ್ಲೇಜ್. ಅಂಟುವ ರೆಸಿನ್ ಆದರೆ ಬಣ್ಣದ ಮಾತೇ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮತ್ತೆ ತೊಳೆದು, ಪೂರ್ತಿ ಒಣಗಿಸಿ, 405 ನ್ಯಾನೊಮೀಟರ್ ದೀಪದಡಿ ಮತ್ತೆ ಕ್ಯೂರ್ ಮಾಡಿ, ಅಂದರೆ ಗಟ್ಟಿಯಾಗಿಸಿ.

ಒಂದು ಪುಟಕ್ಕೆ ನಾಲ್ಕರಿಂದ ಆರು ಚಿತ್ರ, ಎಲ್ಲವೂ ಒಂದೇ ಕೋನದಿಂದ. ತಿರುಗುವ ಮರದ ತಟ್ಟೆಯೊಂದಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದೇನೆ. ಕೋನ ಒಂದಿಷ್ಟು ಬದಲಾದರೂ ಓದುವವನ ಕಣ್ಣು ಬಣ್ಣದ ವ್ಯತ್ಯಾಸವನ್ನು ಬಿಟ್ಟು ಗೊಂಬೆಯ ಭಂಗಿಯನ್ನು ಹುಡುಕತೊಡಗುತ್ತದೆ. ಮೊಬೈಲನ್ನು ಗೊಂಬೆಯ ಮೂಗಿಗೆ ತಾಗಿಸುವಷ್ಟು ಹತ್ತಿರ ಒಯ್ಯಬೇಡಿ. ಹಿಂದೆ ಸರಿದು ತೆಗೆದು ಆಮೇಲೆ ಕತ್ತರಿಸಿದರೆ ಕತ್ತಿಯ ತುದಿಯಿಂದ ಬೆನ್ನಿನ ಚೀಲದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಹಿನ್ನೆಲೆ ಬೂದು ಇರಲಿ. ಕಪ್ಪು ಇಟ್ಟರೆ ಮೊಬೈಲ್ ತಾನಾಗಿ ಬೆಳಕು ಏರಿಸಿ ಹೈಲೈಟನ್ನೆಲ್ಲ ಸುಟ್ಟುಬಿಡುತ್ತದೆ. ದೀಪ ಸುಮಾರು 5000 ಕೆಲ್ವಿನ್, ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಂಕ) 95ಕ್ಕೆ ಕಡಿಮೆ ಬೇಡ, ವೈಟ್ ಬ್ಯಾಲೆನ್ಸ್ ಕೈಯಿಂದಲೇ ಹೊಂದಿಸಿ ಬೀಗ ಹಾಕಿ. ಎರಡು ದೀಪಗಳನ್ನು ಎಲ್ಲಿ ಎಷ್ಟು ಓರೆಯಾಗಿ ಇಡುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಗ್ಲೇಜ್‌ನ ತೆಳು ಪದರ ಚಿತ್ರದಲ್ಲಿ ಬೇರೆಯಾಗಿ ಕಾಣುವುದು ಅದರಿಂದಲೇ, ಮತ್ತು ಅದು ನನಗೆ ಬಹಳ ರಾತ್ರಿಗಳ ನಿದ್ದೆ ಕೆಟ್ಟು ದಕ್ಕಿದ್ದು.

ಕೆಂಪು ಬಣ್ಣ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿತು. ಯಕ್ಷಗಾನದ ವೇಷವೊಂದನ್ನು 75 ಮಿಲಿಮೀಟರಿನಲ್ಲಿ ಮಾಡಬೇಕೆಂಬ ಹಂಬಲ ಹಿಂದಿನಿಂದಲೂ ಇತ್ತು. ತೆಂಕುತಿಟ್ಟಿನ ಬಣ್ಣದ ವೇಷವನ್ನೇ (ರಾಕ್ಷಸ ಪಾತ್ರದ ವೇಷ) ಆರಿಸಿಕೊಂಡೆ. ಚಿತ್ರ ತೆಗೆದರೆ ಕೆಂಪೆಲ್ಲ ಒಂದೇ ಮುದ್ದೆ, ನಾನು ಹಾಕಿದ ಐದಾರು ಛಾಯೆಗಳಲ್ಲಿ ಒಂದೂ ಉಳಿದಿಲ್ಲ. ಕ್ಯಾಮೆರಾದಲ್ಲಿ ಕೆಂಪಿನ ಚಾನೆಲ್ ಉಳಿದವುಗಳಿಗಿಂತ ಮೊದಲೇ ತುಂಬಿ ಹರಿಯುತ್ತದೆ. ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪ್ (ಕ್ಯಾಮೆರಾದ ಬೆಳಕಿನ ಅಳತೆ) ಇಳಿಸಿ ತೆಗೆದು ನೆರಳನ್ನು ಆಮೇಲೆ ಎತ್ತಿದಾಗ ಛಾಯೆಗಳು ಮರಳಿದವು. ಆ ಗೊಂಬೆಯ ಮುಖದ ಚುಟ್ಟಿಗೂ ಒಂದು ಪ್ರಯೋಗ ಮಾಡಿದೆ. ರಂಗದಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಇಡುತ್ತಾರಲ್ಲವೇ, ನಾನೂ ಅದನ್ನೇ ಸೂಜಿಮೊನೆಯಿಂದ ಇಟ್ಟು ನೋಡಿದೆ. ಒಣಗಿದಾಗ ಕಣ್ಣಿಗೆ ಕಟ್ಟುವಂತಿತ್ತು, ಮಳೆಗಾಲ ಮುಗಿಯುವಷ್ಟರಲ್ಲಿ ಉದುರತೊಡಗಿತು. ಈಗ ಅಕ್ರಿಲಿಕ್ ಮಾಡೆಲಿಂಗ್ ಪೇಸ್ಟನ್ನು ಸೂಜಿಯಿಂದ ಎಳೆದು ಮೊನೆ ಎಬ್ಬಿಸುತ್ತೇನೆ. ಮೊನೆ ಬಾಗದಂತೆ ನಿಲ್ಲಲು ಪೇಸ್ಟಿಗೆ ಇನ್ನೊಂದು ವಸ್ತು ಸೇರಬೇಕು, ಅದನ್ನು ತರಗತಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಹೊರದೇಶದ ಪಾಠಗಳೆಲ್ಲ ಒಣ ಹವೆಯ ಲೆಕ್ಕದಲ್ಲಿವೆ: ಪ್ಯಾಲೆಟ್ ಬೇಗ ಒಣಗುತ್ತದೆ, ನೀರು ಸೇರಿಸಿ ಎನ್ನುತ್ತವೆ. ಇಲ್ಲಿ ಜುಲೈಯಲ್ಲಿ ವೆಟ್ ಪ್ಯಾಲೆಟ್ (ಬಣ್ಣ ಒಣಗದಂತೆ ಕೆಳಗೆ ತೇವ ಇಟ್ಟ ತಟ್ಟೆ) ಮುಚ್ಚಿಟ್ಟರೆ ವಾರದೊಳಗೆ ಬೂಷ್ಟು. ಅದಕ್ಕೆಂದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮೊದಲ ಪುಟದ ಕ್ರಮವೇ ಬದಲಾಗುತ್ತದೆ. ಮಬ್ಬು ವಾರ್ನಿಶ್ ಮತ್ತು ತರಿ ಪ್ರೈಮರ್ ಮೇಲಕ್ಕೆ ಏರುತ್ತವೆ, ಸ್ಪ್ರೇ ಪಾಠ ಕೆಳಗೆ ಹೋಗಿ ಅದರ ಜಾಗಕ್ಕೆ ಕುಂಚದಿಂದ ಹಚ್ಚುವ ಪ್ರೈಮರ್ ಬರುತ್ತದೆ. ಇದು ಅತಿಯಾಯಿತು ಎಂದವರಿದ್ದರು. ಆದರೆ ಹಿಂದಿನ ಮಳೆಗಾಲದಲ್ಲಿ ಅತಿ ಹೆಚ್ಚು ಜನ ತೆರೆದದ್ದು ಮಬ್ಬು ವಾರ್ನಿಶ್‌ನ ಪುಟವನ್ನೇ. 500 ರೂಪಾಯಿಯೊಳಗೆ ಸಿಗುವ ಒಂದು ತೇವಾಂಶ ಮಾಪಕ ಕೊಳ್ಳಿ. ಅದು ಶೇ. 80 ದಾಟಿದ ದಿನ ನಾನು ಮ್ಯಾಟ್ ವಾರ್ನಿಶ್ ಡಬ್ಬಿಯನ್ನು ಮುಟ್ಟುವುದಿಲ್ಲ. ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇರುವವರು ಕಂಪ್ರೆಸರಿನ ನೀರಿನ ಟ್ರ್ಯಾಪನ್ನು ಪ್ರತಿ ಸಲವೂ ಖಾಲಿ ಮಾಡಲೇಬೇಕು, ಇಲ್ಲದಿದ್ದರೆ ಒಂದು ಹನಿ ಸಾಕು ಮುಖ ಹಾಳಾಗಲು.

ಇನ್ನು ಕನ್ನಡ ಅಕ್ಷರಗಳ ವಿಷಯ. ಕನ್ನಡದಲ್ಲಿ ತಾಣ ಕಟ್ಟುವವರು ಇದನ್ನು ಗಮನವಿಟ್ಟು ಓದಿ. ಇಂಗ್ಲಿಷಿನ ಅಳತೆಯ ಸಾಲಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಅಕ್ಷರದ ಗಾತ್ರದ 1.75 ಪಟ್ಟು ಇಟ್ಟಿದ್ದೇನೆ, ಅಕ್ಷರಶೈಲಿ ನೋಟೊ ಸ್ಯಾನ್ಸ್ ಕನ್ನಡ. ಎರಡೂ ಅಂಚು ಸಮ ಮಾಡಲು ಹೋಗಬೇಡಿ. ನಮ್ಮ ಪದಗಳು ಉದ್ದ, ಮೊಬೈಲ್ ಪರದೆಯಲ್ಲಿ ಪದಗಳ ನಡುವೆ ಹೊಂಡ ಬೀಳುತ್ತದೆ. ಹುಡುಕಾಟದ ಪೆಟ್ಟಿಗೆಯಂತೂ ಮೊದಲು ಕೆಲಸವನ್ನೇ ಮಾಡುತ್ತಿರಲಿಲ್ಲ. ಏರ್‌ಬ್ರಶ್ ಎಂಬಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ನಡುವೆ ಕಾಣದ ಒಂದು ಅಕ್ಷರ ಕೂರುತ್ತದೆ, ಯೂನಿಕೋಡಿನ ಝಡ್‌ಡಬ್ಲ್ಯುಎನ್‌ಜೆ. ಓದುಗ ಅದಿಲ್ಲದೆ ಬೆರಳಚ್ಚಿಸಿದರೆ ಯಂತ್ರದ ಪಾಲಿಗೆ ಅದು ಬೇರೆಯೇ ಪದ. ಹುಡುಕುವ ಮೊದಲು ಎರಡೂ ಕಡೆಯಿಂದ ಅದನ್ನು ತೆಗೆದುಹಾಕುವ, ಶ ಮತ್ತು ಷ ಎರಡನ್ನೂ ಒಂದೇ ಎಂದು ಬಗೆಯುವ ನಾಲ್ಕೈದು ಸಾಲಿನ ಕೋಡ್ ಬರೆದೆ. ವಾಶ್ ಎಂದರೂ ವಾಷ್ ಎಂದರೂ ಈಗ ಒಂದೇ ಪುಟ ಸಿಗುತ್ತದೆ. ಈ ಕೆಲಸದ ಬಗ್ಗೆ ನನಗೆ ಬಣ್ಣದ ಕೆಲಸದಷ್ಟೇ ಹೆಮ್ಮೆ ಇದೆ.

ಚಿತ್ರಗಳೆಲ್ಲ ಈಗ ವೆಬ್‌ಪಿ ಎಂಬ ಹಗುರ ಕಡತ ರೂಪದಲ್ಲಿವೆ, ಅಗಲ 1200 ಪಿಕ್ಸೆಲ್, ತಲಾ ನೂರು ಕೆಬಿಯ ಒಳಗೆ. ಡೇಟಾಬೇಸ್ ಇಲ್ಲದ ಸರಳ ಪುಟಗಳಾದ್ದರಿಂದ ವರ್ಷದ ಖರ್ಚು ಡೊಮೇನ್ ಹೆಸರೂ ಸೇರಿ ಸಾವಿರದ ಮೇಲೆ ಅಲ್ಪಸ್ವಲ್ಪ. ಜಾಹೀರಾತು ಹಾಕಿ ನೋಡಿದೆ, ತಿಂಗಳಿಗೆ ಒಂದು 17 ಮಿಲಿಲೀಟರ್ ವಯೆಹೊ ಬಣ್ಣದ ಬಾಟಲಿಯ ದುಡ್ಡೂ ಬರಲಿಲ್ಲ, ತೆಗೆದೆ. ಹಣ ಬಂದದ್ದು ಕದ್ರಿಯಲ್ಲಿ ಭಾನುವಾರ ನಡೆಸುವ ತರಗತಿಯಿಂದ, ತಲೆಗೆ 600 ರೂಪಾಯಿ, ಆರೇಳು ಮಂದಿ. ಅವರಲ್ಲಿ ಹೆಚ್ಚಿನವರು ಯಾವುದೋ ಗೊಂಬೆ ಕೆಟ್ಟು ತಾಣಕ್ಕೆ ಬಂದವರೇ. ನವರಾತ್ರಿಗೆ ಮುಂಚೆ ಮನೆಯ ಹಳೆಯ ಗೊಂಬೆಗಳಿಗೆ ಹೊಸ ಬಣ್ಣ ಕೇಳಿ ಬರುವವರೂ ಇದ್ದಾರೆ. ಮೊದಲ ಎರಡು ಸಲ ಕಳೆದ 55 ಸಾವಿರ ಸುಮಾರು ಒಂದೂವರೆ ವರ್ಷದಲ್ಲಿ ಹಿಂದೆ ಬಂತು.

ಮುಂದಿನ ಕೆಲಸ ಬಣ್ಣಗಳ ಪಟ್ಟಿ. ಆಮದು ಬಾಟಲಿ ಕೊಳ್ಳಲಾಗದವರಿಗೆ ನಮ್ಮಲ್ಲೇ ಸಿಗುವ ಕ್ಯಾಮಲಿನ್, ಫೆವಿಕ್ರಿಲ್ ಅಕ್ರಿಲಿಕ್‌ಗಳಿಂದ ಅದೇ ಛಾಯೆ ಬೆರೆಸುವ ಅನುಪಾತಗಳನ್ನು ಚಿತ್ರಸಹಿತ ಹಾಕುತ್ತಿದ್ದೇನೆ. ಕಂದು ಮತ್ತು ಹಸಿರು ಮುಗಿದಿವೆ. ಚರ್ಮದ ಬಣ್ಣ ಇನ್ನೂ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತಿದೆ, ಅದು ಸರಿಹೊಂದಿದ ದಿನ ಪುಟ ತೆರೆಯುತ್ತದೆ.